ಹೋಗದ ನೋವನ್ನು ಇಟ್ಟುಕೊಂಡು ದಿನಾ ದೇವರ ಮುಂದೆ ಕೂರುವುದು ಹೇಗೆ?

"ಸೊಂಟ ನೋವು ಶುರುವಾಗಿ ನಾಲ್ಕು ವರ್ಷ ಆಯ್ತು ಅಕ್ಕಾ. ಇದರ ಜೊತೆ ಬದುಕೋದು ಕಲೀರಿ ಅಂತಾರೆ ಡಾಕ್ಟರು. ಜಪ, ಧ್ಯಾನ ಮಾಡಿದರೆ ಹೋಗುತ್ತಾ?"

ಡೊಂಬಿವಿಲಿಯಿಂದ, ಮುಲುಂಡಿನಿಂದ, ಪುಣೆಯಿಂದ ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೆಲವರಿಗೆ ಮಂಡಿ, ಕೆಲವರಿಗೆ ಮೈಗ್ರೇನ್. ಹೋಟೆಲಿನ ಒಲೆ ಮುಂದೆ ಮೂವತ್ತು ವರ್ಷ ನಿಂತವರಿಗೆ ಬೆನ್ನು. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ, ಗುರುವೂ ಅಲ್ಲ. ಹನ್ನೊಂದು ವರ್ಷದಿಂದ ಎಡಗಾಲಿನ ಸಯಾಟಿಕಾ ಇಟ್ಟುಕೊಂಡು ಮುಂಬೈಯಲ್ಲಿ ಬದುಕುತ್ತಿರುವವಳು. ಸಯಾಟಿಕಾ ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ದೊಡ್ಡ ನರ ಕೆರಳಿ ಬರುವ ನೋವು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಜಪದಿಂದ ನೋವು ಹೋಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ನೋವು ಇದ್ದರೂ ದಿನ ನಿಮ್ಮ ಕೈಗೆ ವಾಪಸ್ ಬರುತ್ತದೆ, ಅಷ್ಟನ್ನು ಧೈರ್ಯವಾಗಿ ಹೇಳುತ್ತೇನೆ. ನಾನು ನೋಡಿದ ಹಾಗೆ, ಜಪ-ಧ್ಯಾನದ ಸಾಧನೆ ಬಿಟ್ಟುಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟಿದ್ದು ಒಂದೇ ಕಾರಣಕ್ಕೆ. ದಿನಾ ಕೂತು ಎದ್ದ ಮೇಲೆ "ನೋವು ಕಮ್ಮಿ ಆಯ್ತಾ?" ಎಂದು ನೋಡಿಕೊಂಡರು. ಆಗಿರಲಿಲ್ಲ. ಮೂರನೇ ವಾರಕ್ಕೆ ಬೇಸರವಾಯಿತು. ನೋವಿನ ಲೆಕ್ಕದಿಂದ ಸಾಧನೆಯನ್ನು ಅಳೆಯಬೇಡಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ನೋವು ಯಾಕೆ ಹೋಗುತ್ತಿಲ್ಲ?

ಮೂರು ತಿಂಗಳಿಗಿಂತ ಜಾಸ್ತಿ ಉಳಿದ ಅಥವಾ ಮತ್ತೆ ಮತ್ತೆ ಬರುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಗಾಯ ಮಾಗಿದ ಮೇಲೂ ಕೆಲವರಲ್ಲಿ ನರಗಳು ಎಚ್ಚರಿಕೆ ಕೊಡುವುದನ್ನು ನಿಲ್ಲಿಸುವುದಿಲ್ಲ. ಬೆಂಕಿಗೆಂದು ಹಾಕಿದ ಅಲಾರಂ ಒಗ್ಗರಣೆಯ ಹೊಗೆಗೂ ಕೂಗಿದ ಹಾಗೆ. ಕೂಗು ನಿಜ, ನೋವೂ ನಿಜ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂದರೆ ನೀವು ನಾಟಕ ಮಾಡುತ್ತಿದ್ದೀರಿ ಎಂದಲ್ಲ.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಒಂದು ವಿಚಾರ ಮುಂದಿಟ್ಟರು. ನೋವಿನ ಸುದ್ದಿ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ, ಒಂದು ಬಾಗಿಲಿನಂಥ ವ್ಯವಸ್ಥೆ ಇದೆ ಎಂದರು. ಏಟು ಬಿದ್ದ ಜಾಗವನ್ನು ಉಜ್ಜಿಕೊಂಡರೆ ಹಾಯೆನಿಸುತ್ತದಲ್ವಾ? ಉಜ್ಜಿದ ಸ್ಪರ್ಶ ಆ ಬಾಗಿಲನ್ನು ಸ್ವಲ್ಪ ಮುಚ್ಚುತ್ತದೆ. ಮಿದುಳೂ ಮೇಲಿನಿಂದ ಅದನ್ನು ತೆರೆಯಬಲ್ಲದು, ಮುಚ್ಚಬಲ್ಲದು. ಹೆದರಿಕೆ, ನಿದ್ರೆಗೇಡು, ಒಂಟಿತನ ಇದ್ದರೆ ತೆರೆದುಕೊಳ್ಳುತ್ತದೆ. ಸಮಾಧಾನ, ಹಾಡು, ಜೊತೆಗಾರರು ಇದ್ದರೆ ಮುಚ್ಚಿಕೊಳ್ಳುತ್ತದೆ. ಭಜನೆಯಲ್ಲಿ ಕೂತ ಒಂದು ಗಂಟೆ ಸೊಂಟ ಮರೆತೇ ಹೋಗಿತ್ತು ಎನ್ನುತ್ತೀರಲ್ಲ, ಅದು ಸುಮ್ನೆ ಹೇಳುವ ಮಾತಲ್ಲ.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜಾನ್ ಕಬಾಟ್-ಝಿನ್ ಎಂಬುವರು ಇಂಥ ರೋಗಿಗಳಿಗಾಗಿ ಧ್ಯಾನದ ತರಗತಿ ಶುರು ಮಾಡಿದರು. ಎಂಟು ವಾರದ ಆ ಕ್ರಮ ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತಿದೆ. ಅಲ್ಲೂ ಯಾರೂ "ನೋವು ಮಾಯ" ಎಂದು ಹೇಳುವುದಿಲ್ಲ.

ಏನೇನು ಬೇಕು?

ಒಂದು ಗಟ್ಟಿ ಕುರ್ಚಿ, ಎರಡು ದಿಂಬು, ಒಂದು ನೋಟ್‌ಬುಕ್, ನಿಮ್ಮ ಸಂಪ್ರದಾಯದ ಜಪಮಾಲೆ. ಮುಂಬೈಯ ಒಂದು ಕೋಣೆಯ ಮನೆಯಲ್ಲಿ ದೇವರ ಕೋಣೆ ಎಲ್ಲಿಂದ ಬರಬೇಕು? ಗೋಡೆಯ ಮೇಲಿನ ಸಣ್ಣ ಹಲಗೆ ಸಾಕು. ನೀವು ಕೂತಷ್ಟು ಹೊತ್ತು ನಿಮ್ಮನ್ನು ಯಾರೂ ಕರೆಯಬಾರದು ಎಂದು ಮನೆಯವರಿಗೆ ಹೇಳಿಡಿ.

1. ಮೊದಲು ಡಾಕ್ಟರ ಬಳಿ ಆಗಬೇಕಾದ್ದು ಆಗಲಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಈ ಲಕ್ಷಣ ಕಂಡರೆ ಜಪಕ್ಕೆ ಕೂರುವುದಲ್ಲ, ಆಸ್ಪತ್ರೆಗೆ ಹೋಗುವುದು:

- ತೊಡೆಗಳ ನಡುವೆ ಮರಗಟ್ಟುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಕಾಲಿನಲ್ಲಿ ದಿಢೀರನೆ ಶಕ್ತಿ ಇಲ್ಲವಾಗುವುದು
- ನೋವಿನ ಜೊತೆ ಜ್ವರ, ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು
- ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಮೂಳೆ ನೋವು
- ಎದೆ ಹಿಂಡಿ ಕೈಗೋ ದವಡೆಗೋ ಹರಡುವ ನೋವು, ಹಿಂದೆಂದೂ ಬಾರದಷ್ಟು ಜೋರಾಗಿ ಒಮ್ಮೆಲೇ ಬಂದ ತಲೆನೋವು

ದೊಡ್ಡ ಆಸ್ಪತ್ರೆಗಳಲ್ಲಿ ಪೇನ್ ಕ್ಲಿನಿಕ್ ಎಂಬ ವಿಭಾಗ ಇರುತ್ತದೆ. ನೋವಿಗೇ ಚಿಕಿತ್ಸೆ ಕೊಡುವ ಜಾಗ ಅದು. ಹೆಚ್ಚಾಗಿ ಅರಿವಳಿಕೆ ತಜ್ಞರು ನಡೆಸುತ್ತಾರೆ. ಕೇಸ್ ಪೇಪರ್ ಮಾಡಿಸುವಾಗಲೇ ಕೇಳಿ, ಇಲ್ಲವಾದರೆ ಮೂಳೆ ವಿಭಾಗದಿಂದ ಮೂಳೆ ವಿಭಾಗಕ್ಕೆ ಅಲೆಯುತ್ತಲೇ ಇರುತ್ತೀರಿ.

ಮಾತ್ರೆ ವಿಷಯದಲ್ಲಿ ಎರಡು ತಪ್ಪು ತುಂಬಾ ನಡೆಯುತ್ತದೆ. ಒಂದು, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು. ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಎರಡನೆಯದು, ಧ್ಯಾನ ಶುರು ಮಾಡಿದೆ ಎಂದು ಮಾತ್ರೆ ನಿಲ್ಲಿಸುವುದು. ನರದ ನೋವಿಗೆ ಬರೆದುಕೊಡುವ ಡುಲೊಕ್ಸೆಟಿನ್ ಖಿನ್ನತೆಗೂ ಕೊಡುವ ಮಾತ್ರೆ, ಪ್ರಿಗ್ಯಾಬಲಿನ್ ಫಿಟ್ಸ್‌ಗೂ ಕೊಡುವ ಮಾತ್ರೆ. ಚೀಟಿ ನೋಡಿ "ನನಗೆ ಹುಚ್ಚಾ?" ಎಂದು ಹೆದರಬೇಡಿ. ಕೆರಳಿದ ನರವನ್ನು ತಣ್ಣಗೆ ಮಾಡಲು ಅವು ಬೇಕು. ಒಮ್ಮೆಲೇ ಬಿಟ್ಟರೆ ದೇಹ ತಿರುಗಿ ಬೀಳುತ್ತದೆ. ಒಂದು ಸತ್ಸಂಗದಲ್ಲಿ "ದೇವರ ಮೇಲೆ ನಂಬಿಕೆ ಇದ್ದರೆ ಮಾತ್ರೆ ಯಾಕೆ?" ಎಂದು ಕೇಳಿದರು. ನಾನು ಅದನ್ನು ನಂಬಿ ಮಾತ್ರೆ ಬಿಟ್ಟೆ. ನಿದ್ದೆಯಿಲ್ಲದ ಆ ಹತ್ತು ರಾತ್ರಿ ನಿಮಗೆ ಬರುವುದು ಬೇಡ. ಮಾತ್ರೆ ಕಮ್ಮಿ ಮಾಡುವುದಿದ್ದರೆ ಡಾಕ್ಟರನ್ನು ಕೇಳಿ, ಮೆಲ್ಲಗೆ ಮಾಡಿ.

ಹೆಸರಿಲ್ಲದ ಪೊಟ್ಟಣದ ಪುಡಿ ಎರಡೇ ದಿನದಲ್ಲಿ ನೋವು ಇಳಿಸಿದರೆ ಸಂಶಯ ಪಡಿ. ಸ್ಟೀರಾಯ್ಡ್ ಬೆರೆಸಿ ಮಾರುವವರಿದ್ದಾರೆ.

2. ಮೂರು ದಿನ ಬರೆದಿಡಿ

ನೋವು ಕಮ್ಮಿ ಇರುವ ದಿನ ಎಲ್ಲ ಕೆಲಸ ಒಟ್ಟಿಗೆ ಮಾಡುತ್ತೇವೆ. ಮರುದಿನದಿಂದ ಮೂರು ದಿನ ಹಾಸಿಗೆ. ಸಾಧನೆಯಲ್ಲೂ ಇದೇ ಕಥೆ. ಏಕಾದಶಿಗೆ ಎರಡು ಗಂಟೆ ಕೂತು, ಆಮೇಲೆ ಹುಣ್ಣಿಮೆಯವರೆಗೆ ಮಾಲೆ ಮುಟ್ಟುವುದೇ ಇಲ್ಲ.

ಮೂರು ದಿನ ಕುರ್ಚಿಯಲ್ಲಿ ಕೂತು, ನೋವು ಜಾಸ್ತಿಯಾಗುವ ಮೊದಲು ಎಷ್ಟು ನಿಮಿಷ ಆಯಿತು ಎಂದು ಬರೆಯಿರಿ. 12, 8, 10 ಎಂದುಕೊಳ್ಳಿ. ಸರಾಸರಿ 10. ಶುರು ಮಾಡುವುದು ಅದಕ್ಕಿಂತ ಕಮ್ಮಿಯಿಂದ, 7 ಅಥವಾ 8 ನಿಮಿಷದಿಂದ. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ. ವಾರಕ್ಕೆ ಒಂದು ನಿಮಿಷ ಸೇರಿಸಿ. ಒಳ್ಳೆಯ ದಿನ ಏಳುವುದು ಕಷ್ಟ, ನನಗೆ ಗೊತ್ತು. ಆದರೂ ಏಳಿ.

3. ಕೂರುವ ಬಗೆ ನೀವೇ ಕಂಡುಕೊಳ್ಳಿ

ನೆಲದ ಮೇಲೆ ಪದ್ಮಾಸನ ಹಾಕಿದರೇ ಧ್ಯಾನ ಎಂಬುದನ್ನು ಬಿಟ್ಟುಬಿಡಿ. ಕುರ್ಚಿಯಲ್ಲಿ ಪಾದ ಪೂರ್ತಿ ನೆಲ ಮುಟ್ಟಬೇಕು. ಮುಟ್ಟದಿದ್ದರೆ ಕಾಲಡಿಗೆ ಮಣೆ ಇಡಿ. ಸೊಂಟದ ಹಿಂದೆ ಸಣ್ಣ ದಿಂಬು. ಕೂರಲು ಆಗದವರು ಅಂಗಾತ ಮಲಗಿ ಮಂಡಿ ಕೆಳಗೆ ದಿಂಬು ಇಟ್ಟುಕೊಳ್ಳಿ. ನಿದ್ದೆ ಬಂದರೆ ಬರಲಿ, ನೋವಿನವರಿಗೆ ನಿದ್ದೆಯೂ ಪ್ರಸಾದವೇ.

ಇಷ್ಟಲಿಂಗ ಪೂಜೆ ಮಾಡುವವರು ಎಡಗೈಯನ್ನು ಕಣ್ಣ ಮಟ್ಟಕ್ಕೆ ಎತ್ತಿ ಹಿಡಿಯುತ್ತೀರಿ. ಭುಜ ಹಿಡಿದಿದ್ದರೆ ಹತ್ತು ನಿಮಿಷಕ್ಕೆ ಬೆಂಕಿ ಬಿದ್ದಂತಾಗುತ್ತದೆ. ಮೇಜಿನ ಮೇಲೆ ಎರಡು ದಿಂಬು ಪೇರಿಸಿ, ಮೊಣಕೈ ಅದರ ಮೇಲಿಡಿ. ದೃಷ್ಟಿ ಅದೇ, ಭಾರ ಮಾತ್ರ ದಿಂಬಿನ ಮೇಲೆ. ನಮಾಜು ಮಾಡುವವರಿಗೆ ಕಾಯಿಲೆಯಲ್ಲಿ ಕೂತು ಮಾಡುವ ಅವಕಾಶ ಧರ್ಮದಲ್ಲೇ ಇದೆ. ಇಗರ್ಜಿಯಲ್ಲಿ ಮಂಡಿಯೂರಲು ಆಗದಿದ್ದರೆ ಬೆಂಚಿನಲ್ಲೇ ಕೂರಿ.

ಇದಕ್ಕೆ ನಾಚಿಕೆ ಬೇಡ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ಕ್ಷಯ, ಮಲೇರಿಯಾ, ಟೈಫಾಯ್ಡ್ ಎಲ್ಲ ಅನುಭವಿಸಿದವರು. 1937ರಲ್ಲಿ ಪುಣೆಗೆ ಬಂದರು. ಕುರ್ಚಿ, ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಇವನ್ನೆಲ್ಲ ಆಸನಕ್ಕೆ ಆಸರೆಯಾಗಿ ಬಳಸುವ ಕ್ರಮವನ್ನು ಲೋಕಕ್ಕೇ ಕಲಿಸಿದವರು ಅವರು. ಪುಣೆಯಲ್ಲಿ ಅವರ ಸಂಸ್ಥೆ 1975ರಿಂದ ಇದೆ. ಅಷ್ಟು ದೊಡ್ಡ ಯೋಗಿ ಕುರ್ಚಿಯನ್ನು ದೂರ ಇಡಲಿಲ್ಲ. ನಾವು ಯಾಕೆ ಇಡಬೇಕು?

4. ಒಂದು ಉಸಿರಿಗೆ ಒಂದು ಮಣಿ

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದು. ಅವಸರ ಮಾಡದೆ ಓದಿ.

ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಆರು ಎಣಿಸುವಷ್ಟು ಹೊತ್ತು ಬಿಡಿ. ಬಿಡುವಾಗ ನಿಮ್ಮ ದೇವರ ಹೆಸರು ಹೇಳಿ. ತುಟಿ ಅಲ್ಲಾಡಿದರೂ ಸರಿ, ಒಳಗೇ ಹೇಳಿದರೂ ಸರಿ. ಹೆಸರು ಮುಗಿದಾಗ ಒಂದು ಮಣಿ ಜಾರಿಸಿ. ಒಂದು ಮಣಿಗೆ ಸುಮಾರು 10 ಸೆಕೆಂಡ್, ಅಂದರೆ ನಿಮಿಷಕ್ಕೆ ಆರು ಉಸಿರು. ಉಸಿರು ಇಷ್ಟು ನಿಧಾನವಾದಾಗ, ಬಿಡುವ ಉಸಿರು ಉದ್ದವಾದಾಗ, ದೇಹವನ್ನು ವಿಶ್ರಾಂತಿಗೆ ಇಳಿಸುವ ನರಗಳು ಕೆಲಸ ಶುರು ಮಾಡುತ್ತವೆ. ಬಿಗಿದ ಭುಜ, ದವಡೆ ತಾನಾಗಿ ಸಡಿಲವಾಗುತ್ತದೆ.

27 ಮಣಿಗೆ ನಾಲ್ಕೂವರೆ ನಿಮಿಷ. 54ಕ್ಕೆ ಒಂಬತ್ತು. ಪೂರ್ತಿ 108ಕ್ಕೆ ಹದಿನೆಂಟು. ಎರಡನೇ ಹಂತದಲ್ಲಿ ಬಂದ ನಿಮಿಷ ನೋಡಿ ಎಷ್ಟು ಮಣಿ ಎಂದು ನಿರ್ಧರಿಸಿ, ಆ ಮಣಿಗೆ ಬಣ್ಣದ ದಾರ ಕಟ್ಟಿ. ದಾರ ಬಂತು ಎಂದರೆ ಆ ದಿನದ ಜಪ ಪೂರ್ತಿಯಾಯಿತು. ಅರ್ಧ ಮಾಲೆಗೆ ನಿಲ್ಲಿಸಿದರೆ ದೋಷವೇನೂ ಇಲ್ಲ. ರೋಜರಿ ಹಿಡಿಯುವವರು ಹತ್ತು ಮಣಿಯ ಒಂದು ಗುಂಪು, ತಸ್ಬೀಹ್ ಹಿಡಿಯುವವರು 33.

ಬೆರಳಿನ ಗಂಟು ಬಾತವರಿಗೆ ಸಣ್ಣ ಮಣಿ ಜಾರುವುದಿಲ್ಲ. ದೊಡ್ಡ ಮಣಿಯ ಮಾಲೆ ತನ್ನಿ, ಅಥವಾ ಬಟ್ಟಲಿನಿಂದ ಬಟ್ಟಲಿಗೆ ಕಡಲೆಕಾಳು ಹಾಕಿ.

ತಲೆ ಸುತ್ತಿದರೆ ಎಣಿಕೆ ಬಿಟ್ಟು ಮಾಮೂಲಿ ಉಸಿರಿಗೆ ಬನ್ನಿ. ಉಸಿರು ಬಿಗಿಹಿಡಿಯಬೇಡಿ. ಟಿವಿ ನೋಡಿ ಕಪಾಲಭಾತಿ ಮಾಡಬೇಡಿ. ಬಿಪಿ, ಹರ್ನಿಯಾ, ಸ್ಲಿಪ್ ಡಿಸ್ಕ್ ಇದ್ದವರಿಗೆ ಆ ಜೋರು ಉಸಿರಾಟ ಹಾನಿ ಮಾಡಬಹುದು.

ಲೋಕಲ್ ಟ್ರೇನಿನಲ್ಲಿ ಮಾಡಬಹುದಾ ಎಂದು ಕೇಳುತ್ತೀರಿ. ಸೀಟು ಸಿಕ್ಕರೆ ಖಂಡಿತ. ದಾದರ್‌ನಿಂದ ಮಾಟುಂಗಕ್ಕೆ ಹೋಗುವಷ್ಟರಲ್ಲೂ ಹತ್ತು ಮಣಿ ಆಗುತ್ತದೆ. ಗರ್ದಿಯಲ್ಲಿ ನಿಂತು ಬೇಡ, ಅಲ್ಲಿ ಕೈ ಕಂಬಿಯ ಮೇಲೇ ಇರಲಿ.

5. ನೋವನ್ನು ನೋಡಿ, ಆಮೇಲೆ ಕೇಳಿಕೊಳ್ಳಿ

ಜಪ ಎರಡು ವಾರ ತಪ್ಪದೆ ನಡೆದ ಮೇಲೆ ಇದನ್ನು ಸೇರಿಸಿ. ಎರಡೇ ನಿಮಿಷ. ನೋವಿನ ಜಾಗಕ್ಕೆ ಗಮನ ಕೊಡಿ. ಉರಿಯಾ, ಸೆಳೆತವಾ, ಚುಚ್ಚಾ, ಭಾರವಾ? ಅದರ ಅಂಚು ಎಲ್ಲಿ? ತುಂಬಾ ಜೋರಾದರೆ ಗಮನವನ್ನು ನೋಯದ ಜಾಗಕ್ಕೆ ಒಯ್ಯಿರಿ. ಕಿವಿಯ ತುದಿಯೋ ಅಂಗೈಯೋ, ಎಲ್ಲಿ ಹಾಯಾಗಿದೆಯೋ ಅಲ್ಲಿಗೆ. ಹೀಗೆ ಹೋಗಿ ಬರುತ್ತಿದ್ದರೆ ಒಂದು ವಿಷಯ ಕಾಣುತ್ತದೆ. ಕಾಲಿನ ಸೆಳೆತ ಒಂದು. "ಮುದುಕಿಯಾದ ಮೇಲೆ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ?" ಎಂಬ ಹೆದರಿಕೆ ಇನ್ನೊಂದು. ಎರಡೂ ಅಂಟಿಕೊಂಡು ಒಂದೇ ನೋವಿನ ಹಾಗೆ ಬಂದಿರುತ್ತವೆ. ಹೆದರಿಕೆಗೆ ಡೈಕ್ಲೋಫೆನಾಕ್ ಕೆಲಸ ಮಾಡುವುದಿಲ್ಲ. ಅದನ್ನು ದೇವರ ಮುಂದೆ ಇಡಬಹುದು.

ಕೆಲವರಿಗೆ ಕಣ್ಣು ಮುಚ್ಚಿ ದೇಹ ನೋಡಲು ಹೋದರೆ ಗಾಬರಿಯಾಗುತ್ತದೆ, ಹಳೆಯ ಕೆಟ್ಟ ನೆನಪು ಎದ್ದು ಬರುತ್ತದೆ. ಹಾಗಾದರೆ ಕಣ್ಣು ತೆರೆದು ದೀಪ ನೋಡಿ, ಪಾದ ನೆಲಕ್ಕೊತ್ತಿ. ಈ ಹಂತ ನಿಮಗೆ ಬೇಡವೇ ಬೇಡ, ಜಪ ಸಾಕು.

ಆಮೇಲೆ ಪ್ರಾರ್ಥನೆ. "ನೋವು ತೆಗೆದುಬಿಡು" ಎಂದು ಕೇಳುವುದು ತಪ್ಪಲ್ಲ. ಅದರ ಜೊತೆಗೆ ಇವತ್ತಿನ ಒಂದು ಸಣ್ಣ ಕೆಲಸಕ್ಕೂ ಶಕ್ತಿ ಕೇಳಿ. "ಸಂಜೆ ಮಗಳ ಜೊತೆ ಅರ್ಧ ಗಂಟೆ ಕೂತು ಮಾತಾಡಬೇಕು, ಅಷ್ಟಕ್ಕೆ ಜೊತೆಗಿರು." ರಾತ್ರಿ ನೋಟ್‌ಬುಕ್ಕಿನಲ್ಲಿ ನೋವಿನ ಅಂಕ ಬರೆಯಬೇಡಿ, ಆ ಕೆಲಸ ಆಯಿತೋ ಇಲ್ಲವೋ ಬರೆಯಿರಿ. ನನ್ನ ಭರವಸೆ ಹುಟ್ಟಿದ್ದು ಆ ಪುಟಗಳಿಂದ. ನೋವು ಅಷ್ಟೇ ಇದ್ದ ತಿಂಗಳಲ್ಲೂ "ಆಯಿತು" ಎಂಬ ಸಾಲು ಹೆಚ್ಚುತ್ತಾ ಹೋಗಿತ್ತು.

ದೇವರ ಮೇಲೆ ಸಿಟ್ಟು ಬರುತ್ತದಾ? ಬೈಯಿರಿ. ನಮ್ಮ ದಾಸರು ನಿಂದಾಸ್ತುತಿ ಎಂದೇ ಒಂದು ಬಗೆ ಮಾಡಿಟ್ಟಿದ್ದಾರೆ. ಬೈದುಕೊಂಡೇ ಹತ್ತಿರ ಹೋಗುವ ದಾರಿ ಅದು.

ಹರಕೆ ಮತ್ತು ಉಪವಾಸದ ಬಗ್ಗೆ

ಊರ ದೇವಸ್ಥಾನಕ್ಕೆ ಬೆಳ್ಳಿಯ ಕಾಲು ಹರಕೆ ಹೊರುತ್ತೇವೆ. ಬಾಂದ್ರಾದ ಮೌಂಟ್ ಮೇರಿಯಲ್ಲಿ ಮೇಣದ ಕೈಕಾಲು ಒಪ್ಪಿಸುತ್ತಾರೆ. ನೋವನ್ನು ಕೈಯಲ್ಲಿ ಹಿಡಿದು ದೇವರಿಗೆ ಕೊಟ್ಟು ಬರುವ ಈ ಪದ್ಧತಿ ನನಗೆ ತುಂಬಾ ಇಷ್ಟ. ಆದರೆ ಬೆನ್ನು ನೋವಿನವರು ಉರುಳು ಸೇವೆ ಹೊರಬೇಡಿ. ಮಂಡಿ ನೋವಿನವರು ಸೋಮವಾರ ರಾತ್ರಿ ಬರಿಗಾಲಲ್ಲಿ ಸಿದ್ಧಿವಿನಾಯಕನ ಗುಡಿಗೆ ನಡೆಯುವ ಹರಕೆ ಹೊರಬೇಡಿ. ಈಗಾಗಲೇ ಹೊತ್ತಿದ್ದರೆ ಅರ್ಚಕರ ಹತ್ತಿರ ಕಷ್ಟ ಹೇಳಿ, ಪ್ರಾರ್ಥನೆ ಮಾಡಿಸಿ, ಬೇರೆ ಸೇವೆಗೆ ಬದಲಾಯಿಸಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ಬೇಡ. ಏಕಾದಶಿಯಂದು ಹಣ್ಣು, ಹಾಲು ತೆಗೆದುಕೊಂಡು ನುಂಗಿ. ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳದೆ ಉಪವಾಸವನ್ನೇ ಮಾಡಬೇಡಿ.

"ಪೂರ್ವಜನ್ಮದ ಕರ್ಮ, ಅನುಭವಿಸಲೇಬೇಕು" ಎನ್ನುವವರು ಬರುತ್ತಾರೆ. ನಿಮ್ಮ ಕರ್ಮದ ಲೆಕ್ಕ ಅವರಿಗೆ ಯಾರು ಕೊಟ್ಟರು? ನೋವಿನಲ್ಲಿ ಇರುವವರ ತಲೆಗೆ ತಪ್ಪನ್ನೂ ಕಟ್ಟುವುದು ಕ್ರೂರ. ಚಹಾ ಕೊಟ್ಟು ಕಳಿಸಿ, ಮಾತು ಒಳಗೆ ಬಿಟ್ಟುಕೊಳ್ಳಬೇಡಿ.

6. ಕೆಟ್ಟ ದಿನಕ್ಕೆ ಒಂದು ಡಬ್ಬಿ

ನೋವು ಉಕ್ಕುವ ದಿನ ಬಂದೇ ಬರುತ್ತದೆ. ಆ ಹೊತ್ತಿಗೆ ತಲೆ ಓಡುವುದಿಲ್ಲ. ಅದಕ್ಕೆ ಈಗಲೇ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಇಷ್ಟು ಹಾಕಿ ಹಾಸಿಗೆಯ ಪಕ್ಕ ಇಡಿ: ಜಪಮಾಲೆ, ಡಾಕ್ಟರು ಇಂಥ ದಿನಕ್ಕೆಂದೇ ಹೇಳಿದ ಮಾತ್ರೆ, ಬಿಸಿನೀರಿನ ಚೀಲ, ಇಬ್ಬರು ಆಪ್ತರ ಫೋನ್ ನಂಬರ್ ಮತ್ತು ನೀವೇ ಬರೆದ ಒಂದು ಚೀಟಿ. ನನ್ನ ಚೀಟಿಯಲ್ಲಿ "ಇದು ಹೋದ ಸಲವೂ ಇಳಿದಿತ್ತು" ಎಂದಿದೆ. ಅಮ್ಮ ಹಾಡಿದ ದಾಸರ ಪದಗಳನ್ನು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ, ನೀವೂ ಹಾಗೆ ಏನಾದರೂ ಇಟ್ಟುಕೊಳ್ಳಿ. ಆ ದಿನ ಮೂರೇ ಮಣಿ. ಆದರೆ ಮೂರು ಮಣಿ ತಪ್ಪಿಸಬೇಡಿ.

ಮರಗಟ್ಟಿದ ಚರ್ಮದ ಮೇಲೆ ಬಿಸಿ ಚೀಲ ಇಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಬದುಕೇ ಸಾಕು ಎನಿಸಿದರೆ ಅದು ನಂಬಿಕೆಯ ಸೋಲಲ್ಲ. ವರ್ಷಗಟ್ಟಲೆ ನೋವು ತಿಂದ ಯಾರಿಗೂ ಬರಬಹುದಾದ ಕಾಯಿಲೆ ಅದು, ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ. ಹಣ ಕೊಡಬೇಕಾಗಿಲ್ಲ. ಕನ್ನಡದಲ್ಲೂ ಮಾತಾಡಬಹುದು.

7. ಮನೆಯಿಂದ ಹೊರಗೆ ಬನ್ನಿ

ಕಲಿಯಲು ಜಾಗ ಹುಡುಕುವವರಿಗೆ: 1918ರಲ್ಲಿ ಶುರುವಾದ ದಿ ಯೋಗ ಇನ್‌ಸ್ಟಿಟ್ಯೂಟ್ ಈಗ ಸಾಂತಾಕ್ರೂಜ್ ಪೂರ್ವದಲ್ಲಿದೆ. ಲೋನಾವಳದಲ್ಲಿ 1924ರ ಕೈವಲ್ಯಧಾಮ ಇದೆ. ಎಲ್ಲಿ ಹೋದರೂ ಮೊದಲ ದಿನವೇ ನಿಮ್ಮ ರಿಪೋರ್ಟ್ ತೋರಿಸಿ. ನೋಡದೆ "ಬಗ್ಗಿ" ಎನ್ನುವ ಶಿಕ್ಷಕರಿಗೆ ನಮಸ್ಕಾರ ಹೇಳಿ ಬನ್ನಿ.

ವಿಪಸ್ಸನ ಎಂಬ ಧ್ಯಾನದ ಬಗ್ಗೆ ತುಂಬಾ ಜನ ಕೇಳುತ್ತೀರಿ. ಇಗತಪುರಿಯ ಧಮ್ಮಗಿರಿಯಲ್ಲೂ ಗೋರಾಯಿಯ ಪಗೋಡದಲ್ಲೂ ಹತ್ತು ದಿನದ ಶಿಬಿರ ನಡೆಯುತ್ತದೆ. ಶುಲ್ಕ ಇಲ್ಲ. ಆದರೆ ಬೆಳಗಿನ ನಾಲ್ಕಕ್ಕೆ ಏಳಬೇಕು, ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು. ನಾಲ್ಕನೇ ದಿನದಿಂದ ಒಂದೊಂದು ಗಂಟೆ ಅಲ್ಲಾಡದೆ ಕೂರುವ ಅವಧಿಗಳೂ ಇರುತ್ತವೆ. ಏಳು ನಿಮಿಷ ಕೂರುವವರು ನೇರ ಅಲ್ಲಿಗೆ ಹೋಗಬೇಡಿ. ಒಂದು ವರ್ಷ ಮನೆಯಲ್ಲಿ ಅಭ್ಯಾಸ ಆಗಲಿ. ಅರ್ಜಿಯಲ್ಲಿ ಕಾಯಿಲೆ, ಮಾತ್ರೆ ಯಾವುದನ್ನೂ ಮುಚ್ಚಿಡದೆ ಬರೆಯಿರಿ, ಕುರ್ಚಿ ಬೇಕು ಎಂದೂ ಹೇಳಿ.

ನನ್ನ ಕೇಳಿದರೆ ಇವೆಲ್ಲಕ್ಕಿಂತ ಮೊದಲು ಹತ್ತಿರದ ಭಜನಾ ಮಂಡಳಿಗೆ ಹೋಗಿ. ಮುಂಬೈಯಲ್ಲಿ ನಮ್ಮವರು ಇರುವ ಕಡೆಯೆಲ್ಲ ಶನಿವಾರದ ಭಜನೆ ಇದ್ದೇ ಇರುತ್ತದೆ. ಹಾಡುವಾಗ ಬಿಡುವ ಉಸಿರು ತಾನಾಗಿಯೇ ಉದ್ದವಾಗುತ್ತದೆ, ಎಣಿಸಬೇಕಾಗಿಲ್ಲ. ನೋವು ಮೊದಲು ಕಸಿದುಕೊಳ್ಳುವುದು ಜನರ ಒಡನಾಟವನ್ನು. ಅದು ಅಲ್ಲಿ ವಾಪಸ್ ಸಿಗುತ್ತದೆ.

ಹೋಗುವ ಮೊದಲು ಮಂಡಳಿಯವರಿಗೆ ಫೋನ್ ಮಾಡಿ ಮೂರು ವಿಷಯ ಹೇಳಿ. ಒಂದು, ನನಗೆ ಕುರ್ಚಿ ಬೇಕು. ಎರಡು, ಬಾಗಿಲ ಪಕ್ಕ ಜಾಗ ಕೊಡಿ, ಮಧ್ಯೆ ಎದ್ದು ನಾಲ್ಕು ಹೆಜ್ಜೆ ನಡೆಯುತ್ತೇನೆ. ಮೂರು, ಮಂಗಳಾರತಿಗೆ ಮೊದಲೇ ಹೊರಟರೆ ಬೇಸರ ಮಾಡಿಕೊಳ್ಳಬೇಡಿ. ಎಷ್ಟನೇ ಮಾಳಿಗೆ, ಲಿಫ್ಟ್ ಇದೆಯಾ ಎಂದೂ ಕೇಳಿಕೊಳ್ಳಿ. ಗರ್ದಿ ಶುರುವಾಗುವ ಮೊದಲಿನ ಟ್ರೇನ್ ಹಿಡಿಯಿರಿ. ಮೊದಲ ಶನಿವಾರ ಎರಡು ಹಾಡಿನಷ್ಟು ಹೊತ್ತು ಕೂತು ಬನ್ನಿ.